ಬಾಲ್ಯಸಖ್ಯವೂ ಚಿತ್ರಪಂಕ್ತಿಯೂ

ಮಹಾಭಾರತದ ಆದಿಪರ್ವವನ್ನು ಓದಿದವರಿಗೆ ದ್ರೋಣ ದ್ರುಪದರ ವೃತ್ತಾಂತವು ವಿದಿತವೇ ಆಗಿದೆ. ಭರದ್ವಾಜರ ಆಶ್ರಮದಲ್ಲಿ ಕೂಡಿ ಆಡಿ, ಕೂಡಿ ಓದಿದ ಬಾಲಕರಿಬ್ಬರಲ್ಲಿ ಒಬ್ಬನು ಅರಸನಾದನು. ಮತ್ತೊಬ್ಬನು ಬಡವನಾಗಿಯೇ ಉಳಿದನು. ಹಳೆಯ ಸಲಿಗೆಯನ್ನು ನೆನೆದು ಬಾಗಿಲಿಗೆ ಬಂದವನಿಗೆ, ಸಮಾನರಲ್ಲದವರಲ್ಲಿ ಸಖ್ಯವೆಲ್ಲಿಯದೆಂಬ ಉತ್ತರವು ದೊರೆಯಿತು. ಆ ಒಂದು ಮಾತಿನಿಂದ ಎಷ್ಟು ಅನರ್ಥಪರಂಪರೆಯು ಹುಟ್ಟಿತೆಂಬುದನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ. ನಮ್ಮ ಪೂರ್ವಿಕರು ಬಾಲ್ಯಸ್ನೇಹದ ಭಂಗವನ್ನು ಅಲ್ಪವಿಷಯವೆಂದು ಎಣಿಸಿದವರಲ್ಲವೆಂಬುದಕ್ಕೆ ಇದೊಂದೇ ನಿದರ್ಶನವು ಸಾಕು. ನಾವಾದರೋ, ಹನ್ನೊಂದು ಹನ್ನೆರಡು ವರ್ಷದ ಹುಡುಗನೊಬ್ಬನು “ಅವನು ನನ್ನ ಜತೆ ಟೂ ಬಿಟ್ಟಿದ್ದಾನೆ” ಎಂದು ಕಣ್ಣೀರು ತಂದುಕೊಂಡರೆ ನಕ್ಕು ಸುಮ್ಮನಾಗುತ್ತೇವೆ. ಹಾಗೆ ನಕ್ಕವರಲ್ಲಿ ಈ ಲೇಖಕನೂ ಒಬ್ಬನು. ಅದು ತಪ್ಪೆಂದು ನನಗೆ ತಿಳಿಸಿಕೊಟ್ಟುದು ಅಮೆರಿಕಾ ದೇಶದ ಒಬ್ಬ ಬಾಲಕನ ಚರಿತ್ರೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಚಾರ್ಲ್ಸ್ ಶುಲ್ಜನು 1922ನೆಯ ಇಸವಿ ನವೆಂಬರ್ 26ರಂದು ಮಿನ್ನೆಸೋಟಾ ಪ್ರಾಂತದ ಮಿನಿಯಾಪೊಲಿಸ್ ನಗರದಲ್ಲಿ ಜನಿಸಿದನು. ತಂದೆ ಕಾರ್ಲ್, ಜರ್ಮನಿಯಲ್ಲಿ ಹುಟ್ಟಿ ಬಂದವನು, ಸೇಂಟ್ ಪಾಲ್ ನಗರದಲ್ಲಿ ಕ್ಷೌರದ ಅಂಗಡಿಯನ್ನಿಟ್ಟಿದ್ದನು. ತಾಯಿ ಡೀನಾ, ನಾರ್ವೆ ಮೂಲದ ಕುಟುಂಬದವಳು. ಇವರಿಗೆ ಇವನೊಬ್ಬನೇ ಮಗ. ಆ ಕಾಲಕ್ಕೆ ಅಮೆರಿಕಾದ ವೃತ್ತಪತ್ರಿಕೆಗಳಲ್ಲಿ ಚಿತ್ರಪಂಕ್ತಿಗಳು, ಎಂದರೆ ಈಗ ನಾವು ಕಾಮಿಕ್ಸ್ ಎಂದು ಕರೆಯುವ ಸಾಲುಚಿತ್ರಗಳ ಕಥೆಗಳು, ಮನೆಮನೆಯ ವಿನೋದವಾಗಿದ್ದುವು. ಅಂತಹ ಒಂದು ಚಿತ್ರಪಂಕ್ತಿಯಲ್ಲಿ ‘ಸ್ಪಾರ್ಕ್ ಪ್ಲಗ್’ ಎಂಬ ಕುದುರೆಯೊಂದಿದ್ದಿತು. ಬಂಧುವೊಬ್ಬನು ಹಸುಗೂಸಿಗೆ ಅದರಿಂದಲೇ ‘ಸ್ಪಾರ್ಕಿ’ ಎಂದು ಅಡ್ಡಹೆಸರಿಟ್ಟನು. ಸಾಯುವವರೆಗೂ ಆಪ್ತರು ಅವನನ್ನು ಹಾಗೆಯೇ ಕರೆದರು. ಆದಿತ್ಯವಾರದ ಪತ್ರಿಕೆಗಳು ಬಂದೊಡನೆ ತಂದೆಯೂ ಮಗನೂ ಜತೆಯಾಗಿ ಕುಳಿತು ಆ ಚಿತ್ರಗಳನ್ನು ಓದುತ್ತಿದ್ದರು.

ಹುಡುಗನು ಓದಿನಲ್ಲಿ ಚುರುಕಾಗಿದ್ದುದರಿಂದ ಪ್ರಾಥಮಿಕ ಶಾಲೆಯ ಉಪಾಧ್ಯಾಯರು ಅವನನ್ನು ಎರಡು ಸಲ ಅರ್ಧ ಅರ್ಧ ತರಗತಿ ದಾಟಿಸಿ ಮೇಲಕ್ಕೆ ಕಳುಹಿಸಿದರು. ಇದು ಗೌರವವೆಂದೇ ಎಲ್ಲರ ಎಣಿಕೆ. ಆದರೆ ಇದರ ಫಲವೇನಾಯಿತು? ತರಗತಿಯಲ್ಲಿ ಅವನೇ ಎಲ್ಲರಿಗಿಂತ ಕಿರಿಯನೂ ಗಾತ್ರದಲ್ಲಿ ಸಣ್ಣವನೂ ಆದನು. ದೊಡ್ಡ ಹುಡುಗರ ಆಟಕ್ಕೂ ಮಾತಿಗೂ ಸೇರದೆ ಸಂಕೋಚಪ್ರವೃತ್ತಿಯವನಾಗಿ ಬೆಳೆದನು. ಉಪಾಧ್ಯಾಯರು ಸದುದ್ದೇಶದಿಂದ ಮಾಡುವ ಕಾರ್ಯವೂ ಮಗುವಿನ ಸಖ್ಯಸುಖವನ್ನು ಹೇಗೆ ಕಳೆಯಬಹುದೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಒಂಟಿತನದಲ್ಲಿ ಅವನಿಗೆ ಒದಗಿದ ಸಂಗಾತಿಗಳು ಸೀಸದಕಡ್ಡಿಯೂ ಮನೆಯ ನಾಯಿಯೂ. ಆ ನಾಯಿ ಗುಂಡುಸೂಜಿ, ಮೊಳೆ, ಕ್ಷೌರದ ಅಲಗುಗಳನ್ನು ನುಂಗುತ್ತಿದ್ದಿತಂತೆ! ಅದರ ಚಿತ್ರವನ್ನು ಬರೆದು ಕಳುಹಿಸಲಾಗಿ, 1937ರಲ್ಲಿ ರಿಪ್ಲೆಯವರ ಪ್ರಖ್ಯಾತ ಅದ್ಭುತಸಂಗ್ರಹದ ಅಂಕಣದಲ್ಲಿ ಅದು ಅಚ್ಚಾಯಿತು. ದೇಶವೆಲ್ಲ ಕಂಡ ಚಿತ್ರವನ್ನು ಬರೆದ ಆ ಕೈಯ ಚಿತ್ರಗಳನ್ನು ಅವನ ಸ್ವಂತ ಪ್ರೌಢಶಾಲೆಯ ವಾರ್ಷಿಕ ಸಂಚಿಕೆಯವರು ಸ್ವೀಕರಿಸಲಿಲ್ಲ. ಈ ಗಾಯವು ಅವನಲ್ಲಿ ಬಹುಕಾಲ ಮಾಯಲಿಲ್ಲ. ತರುವಾಯ ಅಂಚೆಯ ಮೂಲಕ ಚಿತ್ರವಿದ್ಯೆ ಕಲಿಸುವ ಸಂಸ್ಥೆಯೊಂದಕ್ಕೆ ಸೇರಿದನು. ಆ ಶಿಕ್ಷಣದಲ್ಲಿ ಅವನಿಗೆ ಸಾಧಾರಣ ದರ್ಜೆಯಷ್ಟೇ ದೊರೆತ ಪಾಠಗಳಲ್ಲಿ ಒಂದು ಯಾವುದೆಂದರೆ, ಮಕ್ಕಳ ಚಿತ್ರವನ್ನು ಬರೆಯುವುದು! 1943ರ ಫೆಬ್ರವರಿಯಲ್ಲಿ, ಸೈನ್ಯಕ್ಕೆ ಸೇರಿದ್ದ ಸಮಯದಲ್ಲೇ, ತಾಯಿಯು ಅರ್ಬುದರೋಗದಿಂದ ತೀರಿಕೊಂಡಳು. ಯುದ್ಧವು ಮುಗಿದ ಮೇಲೆ ಹಿಂದಿರುಗಿ, ತಾನು ಕಲಿತ ಸಂಸ್ಥೆಯಲ್ಲಿಯೇ ಪಾಠಗಳನ್ನು ತಿದ್ದುವ ಉದ್ಯೋಗಕ್ಕೆ ನಿಂತನು.

ಇಲ್ಲಿಂದ ಮುಂದೆ ಆ ಬಾಲಕನನ್ನು ಬಹುವಚನದಿಂದ ಕರೆಯುವುದು ಯುಕ್ತ. 1950ನೆಯ ಇಸವಿ ಅಕ್ಟೋಬರ್ 2ರಂದು ಶುಲ್ಜರ ‘ಪೀನಟ್ಸ್’ ಎಂಬ ಚಿತ್ರಪಂಕ್ತಿಯು ಏಳು ಪತ್ರಿಕೆಗಳಲ್ಲಿ ಆರಂಭವಾಯಿತು. ಹೆಸರು ಪ್ರಕಾಶನದವರು ಇಟ್ಟುದು. ಶುಲ್ಜರಿಗೆ ಅದು ಎಂದೂ ಹಿಡಿಸಲಿಲ್ಲ. ಮೊದಲ ದಿನದ ಚಿತ್ರವು ಗಮನಾರ್ಹವಾದುದು. ಮೆಟ್ಟಿಲ ಮೇಲೆ ಒಬ್ಬ ಹುಡುಗನೂ ಒಬ್ಬ ಹುಡುಗಿಯೂ ಕುಳಿತಿದ್ದಾರೆ. ಚಾರ್ಲಿ ಬ್ರೌನ್ ಎಂಬ ಗುಂಡುತಲೆಯ ಬಾಲಕನು ನಗುಮುಖದಿಂದ ಅವರ ಮುಂದೆ ಹಾದುಹೋಗುತ್ತಾನೆ. ಅವನು ಎದುರಿಗಿರುವವರೆಗೆ ಕುಳಿತ ಹುಡುಗನು ಸಲಿಗೆಯ ಮಾತಾಡುತ್ತಾನೆ. ಅವನು ಮರೆಯಾದೊಡನೆ, ಇವನೆಂದರೆ ತನಗೆ ಎಷ್ಟು ದ್ವೇಷವೆಂದು ಹೇಳುತ್ತಾನೆ. ಹೀಗೆ ಹೇಳಿದ ಹುಡುಗನ ಹೆಸರು ಶೆರ್ಮಿ. ಅದು ಶುಲ್ಜರ ಬಾಲ್ಯಸ್ನೇಹಿತನೊಬ್ಬನಿಂದ ಬಂದ ಹೆಸರು. ಆ ಸ್ನೇಹಿತನು ಹಾಗೆ ಆಡಿದನೆಂದು ಇದರ ಅರ್ಥವಲ್ಲ. ಆದರೂ ಸ್ನೇಹವೂ ತಿರಸ್ಕಾರವೂ ಮಕ್ಕಳ ಲೋಕದಲ್ಲಿ ಒಂದೇ ಮೆಟ್ಟಿಲ ಮೇಲೆ ಕುಳಿತಿರುತ್ತವೆಂಬುದನ್ನು ಬಲ್ಲವರೇ ಈ ಚಿತ್ರವನ್ನು ಬರೆಯಬಲ್ಲರು.

ಮುಂದೆ ಸುಮಾರು 50 ವರ್ಷಗಳ ಕಾಲ, ಸಹಾಯಕರ ಕೈಸೋಕದಂತೆ, ಶುಲ್ಜರು 17,897 ಚಿತ್ರಪಂಕ್ತಿಗಳನ್ನು ಬರೆದರು. ಅವು 75 ದೇಶಗಳ 2,600 ಪತ್ರಿಕೆಗಳನ್ನು ಮುಟ್ಟಿದುವು. ಲೂಸಿ ಎಂಬ ಹುಡುಗಿಯು ಚೆಂಡನ್ನು ಹಿಡಿದುಕೊಂಡು ಒದೆಯೆಂದು ಕರೆಯುವಳು. ಚಾರ್ಲಿ ಬ್ರೌನನು ಓಡಿಬಂದು ಒದೆಯುವಷ್ಟರಲ್ಲಿ ಸೆಳೆದುಕೊಳ್ಳುವಳು. ಅವನು ಅಂಗಾತ ಬೀಳುವನು. ಮರುವರ್ಷವೂ ನಂಬುವನು, ಮರುವರ್ಷವೂ ಬೀಳುವನು. ಇದನ್ನು ಮೂರ್ಖತನವೆಂದು ನಗುವವರು ನಗಲಿ. ಮೋಸಹೋದ ಮೇಲೂ ನಂಬುವ ಶಕ್ತಿಯಿಲ್ಲದಿದ್ದರೆ ಲೋಕದಲ್ಲಿ ಸ್ನೇಹವೆಂಬುದು ಎರಡನೆಯ ದಿನಕ್ಕೆ ಉಳಿಯುತ್ತಿರಲಿಲ್ಲವೆಂದು ನನಗೆ ತೋರುತ್ತದೆ.

ಇಲ್ಲಿ ಉಪಾಧ್ಯಾಯವರ್ಗಕ್ಕೆ ಹೆಮ್ಮೆಯೆನಿಸುವ ಸಂಗತಿಯೊಂದುಂಟು. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗರ ಹತ್ಯೆಯಾದ ಕೆಲವೇ ದಿನಗಳಲ್ಲಿ ಹ್ಯಾರಿಯೆಟ್ ಗ್ಲಿಕ್‌ಮನ್ ಎಂಬ ಲಾಸ್ ಏಂಜಲಿಸಿನ ಶಾಲಾ ಉಪಾಧ್ಯಾಯಿನಿಯು ಶುಲ್ಜರಿಗೆ ಪತ್ರ ಬರೆದು, ಈ ಮಕ್ಕಳ ಗುಂಪಿನಲ್ಲಿ ಕರಿಯ ಮಗುವೂ ಒಂದಿರಬೇಕೆಂದು ಕೋರಿದರು. ಶುಲ್ಜರು ಮೊದಲು ಹಿಂಜರಿದರು. ಅದು ಅನುಗ್ರಹಬುದ್ಧಿಯಂತೆ ಕಂಡೀತೆಂಬ ಅಂಜಿಕೆ. ಪತ್ರವ್ಯವಹಾರವು ಬೆಳೆದು, ಅದೇ ವರ್ಷ ಜುಲೈ 31ರಂದು ಫ್ರಾಂಕ್ಲಿನ್ ಎಂಬ ಬಾಲಕನು ಕಡಲತೀರದಲ್ಲಿ ಚಾರ್ಲಿ ಬ್ರೌನನ ಚೆಂಡನ್ನು ಹಿಂದಿರುಗಿಸುತ್ತ ಪ್ರವೇಶಿಸಿದನು. ಸೆಳೆದುಕೊಳ್ಳುವ ಚೆಂಡೊಂದು, ಹಿಂದಿರುಗಿಸುವ ಚೆಂಡೊಂದು: ಸಖ್ಯದ ಲಕ್ಷಣವನ್ನು ಹೇಳಲು ಇಷ್ಟು ಸಾಕಲ್ಲವೆ?

ನಮ್ಮ ನಾಡಿಗೂ ಇಂತಹ ಚರಿತ್ರೆಯು ಹೊರತಲ್ಲ. 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರು ಶೈಶವದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಹನ್ನೆರಡನೆಯ ವಯಸ್ಸಿನಲ್ಲಿ ಮುಂಬಯಿಗೆ ಹೋಗಿ ಬೆಳೆದವರು. ಅವರೇ 1967ರಲ್ಲಿ ಅಮರ ಚಿತ್ರಕಥಾಮಾಲೆಯನ್ನೂ, 1980ರಲ್ಲಿ ‘ಟಿಂಕಲ್’ ಎಂಬ ಮಕ್ಕಳ ಪತ್ರಿಕೆಯನ್ನೂ ಆರಂಭಿಸಿ ದೇಶದ ಮಕ್ಕಳಿಗೆಲ್ಲ ‘ಅಂಕಲ್ ಪೈ’ ಆದರು.

ಇನ್ನು ನನ್ನ ತಪ್ಪಿನ ಮಾತು. ಸುಮಾರು ಮೂವತ್ತು ವರ್ಷಗಳ ಹಿಂದೆ ನನ್ನ ಆರನೆಯ ತರಗತಿಯಲ್ಲಿ ಚಿತ್ರಕಥೆಗಳ ಹುಚ್ಚಿನ ಹುಡುಗನೊಬ್ಬನಿದ್ದನು. ಒಂದನೆಯ ತರಗತಿಯಿಂದ ಅವನ ಪಕ್ಕದಲ್ಲಿಯೇ ಕುಳಿತಿದ್ದ ಗೆಳೆಯನು ಆ ವರ್ಷ ಕ್ರಿಕೆಟ್ ಆಡುವ ಹುಡುಗರ ಜತೆ ಸೇರಿ ಬೇರೆ ಬೆಂಚಿಗೆ ಹೋದನು. ಈತನು ಗಣಿತದ ಪುಸ್ತಕದ ಹಿಂಬದಿಯ ಹಾಳೆಗಳಲ್ಲಿ ಚೌಕಗಳನ್ನು ಎಳೆದು ಇಬ್ಬರು ಹುಡುಗರ ಕಥೆಯನ್ನು ಬರೆಯತೊಡಗಿದನು. ನಾನು ಅದನ್ನು ಕಸಿದುಕೊಂಡು ತರಗತಿಗೆಲ್ಲ ಎತ್ತಿ ತೋರಿಸಿದೆನು. ಎಲ್ಲರೂ ನಕ್ಕರು, ಆ ಗೆಳೆಯನೂ ನಕ್ಕನು. ಸಂಜೆ ಪುಸ್ತಕವನ್ನು ಹಿಂದಕ್ಕೆ ಕೊಟ್ಟೆನು. ಮರುದಿನದಿಂದ ಅವನು ಚಿತ್ರ ಬರೆಯಲಿಲ್ಲ. ಹುಡುಗನು ಸುಧಾರಿಸಿದನೆಂದು ಹಿಗ್ಗಿದೆನು.

ಅವನು ಸುಧಾರಿಸಲಿಲ್ಲ, ಮೌನವಾದನು. ಗೆಳೆಯನಿಗೆ ಬಾಯಿಬಿಟ್ಟು ಹೇಳಲಾರದುದನ್ನು ಚೌಕಗಳೊಳಗೆ ಹೇಳುತ್ತಿದ್ದ ಬಾಲಕನ ಬಾಯನ್ನು ನಾನು ಮುಚ್ಚಿದೆನು. ಶುಲ್ಜರ ಮನೆಯಲ್ಲಿಯಾದರೋ ಜತೆಯಲ್ಲಿ ಕುಳಿತು ಓದುವ ತಂದೆಯೊಬ್ಬನಿದ್ದನು.

ಶುಲ್ಜರು 2000ದ ಫೆಬ್ರವರಿ 12ರ ರಾತ್ರಿ ತೀರಿಕೊಂಡರು. ಅವರ ಕೊನೆಯ ಚಿತ್ರಪಂಕ್ತಿಯು ಮರುದಿನ ಆದಿತ್ಯವಾರದ ಪತ್ರಿಕೆಗಳಲ್ಲಿ ಅಚ್ಚಾಗಿ ಬಂದಿತು. ಅಷ್ಟು ವರ್ಷಗಳಲ್ಲಿಯೂ ಅವರ ಚಿತ್ರದ ಮಕ್ಕಳು ದೊಡ್ಡವರಾಗಲಿಲ್ಲ. ನಮ್ಮ ಮನೆಯ ಮಕ್ಕಳು ಆಗುತ್ತಾರೆ, ಅದೂ ನಾವು ನೋಡುತ್ತಿದ್ದಂತೆಯೇ. ವಾಚಕರ ಮನೆಯಲ್ಲಿ ಇಂದು ಸಂಜೆ ಬಾಲಕನೊಬ್ಬನೋ ಬಾಲಕಿಯೊಬ್ಬಳೋ ಗೆಳೆತನ ಮುರಿದುದಕ್ಕೆ ಮುಖ ಬಾಡಿಸಿಕೊಂಡು ಚಿತ್ರಪುಸ್ತಕದಲ್ಲಿ ತಲೆಯಿಟ್ಟು ಕುಳಿತಿದ್ದರೆ, ಪುಸ್ತಕವನ್ನು ಕಸಿದುಕೊಳ್ಳದೆ ಪಕ್ಕದಲ್ಲಿ ಕುಳಿತು ಅದನ್ನು ಜತೆಯಲ್ಲಿ ಓದಬೇಕೆಂದು ಈ ವೃದ್ಧ ಉಪಾಧ್ಯಾಯನ ಪ್ರಾರ್ಥನೆ.