ನಾಲ್ಕು ಮನೆ, ಒಂದು ವರ್ಷ, ಅರವತ್ಮೂರು ಕಾಸು

ಹೋದ ಯುಗಾದಿಯಿಂದ ಈ ಯುಗಾದಿವರೆಗೆ ನಮ್ಮ ನಾಲ್ಕು ಮನೆಗಳಲ್ಲಿ ಸಿಕ್ಕ ಹಳೇ ಕಾಸಿನ ಲೆಕ್ಕ ಇದು. ಮುಳಬಾಗಿಲಿನ ನಮ್ಮನೇಲಿ 24, ಶ್ರೀನಿವಾಸಪುರದ ತವರಲ್ಲಿ 19, ಕೋಲಾರದ ಸೋದರತ್ತೆ ಮನೇಲಿ 12, ಮಾಲೂರಿನ ಅಕ್ಕನ ಮನೇಲಿ 8. ಒಟ್ಟು 63. ಅಟ್ಟದ ಡಬ್ಬಿ, ದೇವರ ಗೂಡು, ಟ್ರಂಕಿನ ತಳ, ಹಳೇ ಸೀರೆ ಗಂಟು, ಹಿತ್ತಲ ಬಚ್ಚಲ ಮೋರಿ, ಇಂಥ ಕಡೆ ಸಿಕ್ಕಿದ್ದು. ಸುಣ್ಣ ಬಳಿಯುವಾಗ, ಸಾಮಾನು ಇಳಿಸುವಾಗ ಕಂಡಿದ್ದನ್ನ ಆವತ್ತೇ ನೋಟ್‌ಬುಕ್ಕಲ್ಲಿ ಬರಕೊಂಡೆ.

ಇಂಗ್ಲೆಂಡಿನಲ್ಲಿ ಲೋಹ ಹುಡುಕೋ ಯಂತ್ರ ಹಿಡ್ಕೊಂಡು ಹೊಲ ಸುತ್ತಿ, ವರ್ಷಕ್ಕೊಂದ್ಸಲ ಸಿಕ್ಕಿದ್ದೆಲ್ಲ ಎಣಿಸೋ ಹವ್ಯಾಸ ಐತೆ. ನಮ್ಮಲ್ಲಿ ಆ ಯಂತ್ರದ ಸಹವಾಸ ಬೇಡ್ರಮ್ಮ. ಆವಣಿ, ಕುರುಡುಮಲೆ ಥರದ ಹಳೇ ಗುಡಿಗಳ ಸುತ್ತ ಅಗೆಯೋದು ತಪ್ಪು. ನೆಲದಲ್ಲಿ ಹೂತ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕು. ಇಂಡಿಯಾದಲ್ಲಿ ಆ ಕಾನೂನು 1878ರಲ್ಲೇ ಬಂತು, ನಮ್ಮ ರಾಜ್ಯದ್ದು 1962ರದ್ದು. ನಮಗೆ ಅಟ್ಟವೇ ಸಾಕು.

ಈಗ ಪಟ್ಟಿ. ಎಲ್ಲಕ್ಕಿಂತ ಹಳೇವು ಎರಡು, ಎರಡೂ ಸೋದರತ್ತೆ ದೇವರ ಗೂಡಿನವು. ಒಂದರಲ್ಲಿ ಆನೆ ಐತೆ, ಹಿಂದೆ ಕನ್ನಡ ಅಕ್ಷರದಲ್ಲಿ ‘ಮಯಿಲಿ ಕಾಸು’. ಇದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಆನೆ ನಮ್ಮ ಸೀಮೆ ತಾಮ್ರದ ಕಾಸಿಗೆ ಹೊಸದಲ್ಲ, ಟಿಪ್ಪು ಸುಲ್ತಾನ್ ಕಾಸಿನ ಮೇಲೂ ಆನೆಯೇ. ಟಿಪ್ಪು ತನ್ನ ಪೈಸೆಗೆ ಜೊಹ್ರಾ ಅಂತ, ಅರ್ಧ ಪೈಸೆಗೆ ಬಹ್ರಾಮ್ ಅಂತ ಹೆಸರಿಟ್ಟಿದ್ದ. ಅಂದ್ರೆ ಶುಕ್ರ, ಮಂಗಳ. ಅವನಪ್ಪ ಹೈದರಾಲಿ ನಮ್ಮ ಬೂದಿಕೋಟೆಯಲ್ಲೇ ಹುಟ್ಟಿದೋನು. ಅವನ ಚಿನ್ನದ ವರಹದ ಒಂದು ಕಡೆ ಶಿವ-ಪಾರ್ವತಿ, ಇನ್ನೊಂದು ಕಡೆ ಅವನ ಹೆಸರಿನ ಮೊದಲ ಅಕ್ಷರ. ರಾಜ ಬದಲಾದ್ರೂ ಜನ ನಂಬಿದ ಗುರುತು ಅಷ್ಟು ಬೇಗ ಬದಲಾಗಲ್ಲ ನೋಡಿ. ಮೈಸೂರಿನ ಸ್ವಂತ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಬಂತು, 1843ಕ್ಕೆ ಮುಚ್ಚಿಹೋಯ್ತು.

ಎರಡನೇದು ಈಸ್ಟ್ ಇಂಡಿಯಾ ಕಂಪನಿಯ 1808ರ ಇಪ್ಪತ್ತು ಕಾಸು. ಮದರಾಸಿನ ಕಡೆ ಚಲಾವಣೆಗೆ ಅಂತ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಅಚ್ಚಾಕಿದ್ದು. ಇಂಥ ಕಾಸು ಟನ್ನುಗಟ್ಟಲೆ ಹೊತ್ತು ಹೊರಟ ಅಡ್ಮಿರಲ್ ಗಾರ್ಡ್ನರ್ ಅನ್ನೋ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ದಡದ ಹತ್ರಾನೇ ಮುಳುಗ್ತು. ಆ ಕಾಸನ್ನ 1980ರ ದಶಕದಲ್ಲಿ ಸಮುದ್ರದಿಂದ ಮೇಲೆತ್ತಿದ್ರು. ಅದರ ಅಕ್ಕತಂಗಿಯೊಂದು ಕೋಲಾರದ ಕುಂಕುಮದ ಬಟ್ಟಲಲ್ಲಿ ಕೂತಿತ್ತು.

ವಿಕ್ಟೋರಿಯಾ ರಾಣಿಯ ಕಾಲಾಣೆ 3. ಐದನೇ ಜಾರ್ಜ್ ದೊರೆಯವು 5, ಅದ್ರಲ್ಲಿ ಒಂದು 1912ರದ್ದು. 1911ರ ನಾಣ್ಯದಲ್ಲಿ ದೊರೆಯ ನಿಲುವಂಗಿ ಮೇಲಿನ ಆನೆ ಹಂದಿ ಥರ ಕಾಣುತ್ತೆ ಅಂತ ಜನ ಗಲಾಟೆ ಮಾಡಿದ್ರು. ಮಾರನೇ ವರ್ಷ ಸೊಂಡಿಲು ಸರಿಯಾಗಿ ಕಾಣೋ ಹಂಗೆ ತಿದ್ದಿದ್ರು. ತೂತಿನ ಕಾಸು 7. ಯುದ್ಧದ ಕಾಲದಲ್ಲಿ ತಾಮ್ರ ಉಳಿಸೋಕೆ 1943ರಿಂದ 1947ರವರೆಗೆ ನಡುವೆ ತೂತು ಬಿಟ್ಟು ಅಚ್ಚಾಕಿದ್ದು. ಎರಡರಲ್ಲಿ ಇನ್ನೂ ಕಪ್ಪು ದಾರ ಐತೆ, ಯಾವುದೋ ಕೂಸಿನ ಉಡಿದಾರದ್ದು.

ಸ್ವಾತಂತ್ರ್ಯ ಬಂದ ಮೇಲಿನ ಆಣೆಗಳು 4, ಬಸವ ಇರೋವು. ನಯಾ ಪೈಸೆ 14. ಇವುಗಳದ್ದೇ ದೊಡ್ಡ ಕತೆ. ಮುಂಚೆ ರೂಪಾಯಿಗೆ 16 ಆಣೆ, 64 ಕಾಸು, 192 ಪೈ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು. ಹಂಗಾದ್ರೆ ಒಂದಾಣೆಗೆ ಎಷ್ಟು? ಆರೂಕಾಲು ಪೈಸೆ. ಕಾಲು ಪೈಸೆ ನಾಣ್ಯವೇ ಇಲ್ಲ! ಆರು ಕೊಟ್ರೆ ಅಂಗಡಿಯವನಿಗೆ ನಷ್ಟ, ಏಳು ಇಸ್ಕೊಂಡ್ರೆ ಹೆಂಗಸಿಗೆ ನಷ್ಟ. ಒಂದಾಣೆ ಸೊಪ್ಪು, ಒಂದಾಣೆ ಹೂವು ಅಂತ ದಿನಕ್ಕೆ ನಾಕು ಸಲ ಕೊಳ್ಳೋಳಿಗೆ ಈ ಮುಕ್ಕಾಲು ಪೈಸೆ ಚಿಕ್ಕದಲ್ಲ. ನಾಕಾಣೆ, ಎಂಟಾಣೆ ಮಾತ್ರ 25, 50ಕ್ಕೆ ಸರಿಯಾಗಿ ಕೂತವು. ಅದಕ್ಕೇ ಆ ಎರಡು ಹೆಸರು ಈಗ್ಲೂ ಬಾಯಲ್ಲಿ ಐತೆ, ಒಂದಾಣೆ ಎರಡಾಣೆ ಹೋದವು. 1964ರಲ್ಲಿ ‘ನಯಾ’ನೂ ಬಿಟ್ಟುಹೋಯ್ತು.

ಅಲ್ಯೂಮಿನಿಯಮ್ಮಿನವು 18. ನೀರಲ್ಲಿ ತೇಲುತ್ತೇನೋ ಅನ್ನೋವಷ್ಟು ಹಗುರ. ತಾವರೆ ಇರೋ ಹಿತ್ತಾಳೆ ಬಣ್ಣದ ಇಪ್ಪತ್ತು ಪೈಸೆ 6, 1968ರಿಂದ 71ರವರೆಗಿನವು. ವರಮಹಾಲಕ್ಷ್ಮಿ ಪೂಜೆಗೆ 108 ಸೇರಿಸ್ತೀನಿ ಅಂತ ಹಿಡಿದಿಟ್ಟೋರು ಎಷ್ಟು ಜನವೋ. ಸ್ಟೀಲಿನ ಎಂಟಾಣೆ 4. ಅಲ್ಲಿಗೆ 63 ಮುಗೀತು.

ಎಲ್ಲಾ ಬರೆದಾದ ಮೇಲೆ ಕಂಡಿದ್ದು ಇಲ್ಲದಿರೋದು. ನಾಲ್ಕು ಮನೇಲೂ ಒಂದೇ ಒಂದು ಬೆಳ್ಳಿ ರೂಪಾಯಿ ಇಲ್ಲ! ಒಂದು ಕಾಲಕ್ಕೆ ರೂಪಾಯಿ ಅಂದ್ರೆ ಒಂದು ತೊಲ ತೂಕ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರಲ್ಲಿ ಬೆಳ್ಳಿ ಅರ್ಧಕ್ಕಿಳೀತು, 1947ರಲ್ಲಿ ಪೂರ್ತಿ ಹೋಗಿ ನಿಕ್ಕಲ್ ಬಂತು. ಹಳೇ ಬೆಳ್ಳಿ ಎಲ್ಲೋಯ್ತು ಅಂತ ಸೋದರತ್ತೆಯನ್ನ ಕೇಳಿದ್ರೆ, “ಮಳೆ ಹೋದ ವರ್ಷ ರಾಗಿಗೆ ಹೋಯ್ತು, ಮದುವೆ ವರ್ಷ ಕಾಲುಂಗುರಕ್ಕೆ ಹೋಯ್ತು, ಇನ್ನೇನು ಕೇಳ್ತೀಯೆ” ಅಂದ್ರು. ನಮ್ಮ ಜಿಲ್ಲೆಗೆ ಹೊಳೆ ನೀರಿಲ್ಲ, ಕೆರೆ ಒಣಗಿದ್ರೆ ಕೈ ಹೋಗ್ತಿದ್ದದ್ದು ಹೆಂಗಸಿನ ಗಂಟಿಗೇ. ಪಕ್ಕದ ಕೆಜಿಎಫ್‌ನಲ್ಲಿ 1880ರಿಂದ ಜಾನ್ ಟೇಲರ್ ಕಂಪನಿ ಚಿನ್ನ ತೆಗೀತು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಷ್ಟು ಚಿನ್ನದ ಪಕ್ಕದಲ್ಲೇ ಇದ್ದು, ನಮ್ಮ ಡಬ್ಬೀಲಿ ಉಳಿದಿದ್ದು ಮಾರೋಕೂ ಆಗದ ತಾಮ್ರ, ಅಲ್ಯೂಮಿನಿಯಂ. ಬೆಲೆ ಇದ್ದಿದ್ದೆಲ್ಲ ಮನೆ ನಡೆಸೋಕೆ ಖರ್ಚಾಗಿ, ಯಾರಿಗೂ ಬೇಡದ್ದು ಚರಿತ್ರೆ ಆಗಿ ಕೂತೈತೆ.

ಹೆಂಗಸರ ಗಂಟಿನ ಲೆಕ್ಕ ಎಲ್ಲೂ ಬರೆದಿರಲ್ಲ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ನಿಲ್ಲಿಸಿದಾಗ ಸಾಸಿವೆ ಡಬ್ಬಿ, ಬೇಳೆ ಡಬ್ಬಿಗಳಿಂದ ಎಷ್ಟು ಹೊರಗೆ ಬಂತು ಅಂತ ನಮಗೆಲ್ಲ ಗೊತ್ತು. ಅವತ್ತು ಗಂಡಸರು ನಕ್ಕರು. ಆ ಡಬ್ಬಿ ಇಲ್ಲದಿದ್ರೆ ಎಷ್ಟು ಮಕ್ಕಳ ಫೀಸು ನಿಲ್ತಿತ್ತು ಅಂತ ಅವರು ಎಣಿಸಲಿಲ್ಲ.

ಈಗ ದುಡ್ಡಿನ ಮಾತು. 63ರ ಮುಖಬೆಲೆ ಎಲ್ಲಾ ಕೂಡಿದ್ರೂ ಹತ್ತು ರೂಪಾಯಿ ದಾಟಲ್ಲ. ನಾಕಾಣೆ ಮತ್ತು ಅದಕ್ಕಿಂತ ಕಡಿಮೆಯವು 2011ರ ಜೂನ್ 30ಕ್ಕೆ ನಿಂತವು. ಎಂಟಾಣೆಗೆ ಕಾನೂನಲ್ಲಿ ಇನ್ನೂ ಬೆಲೆ ಐತೆ, ಅಂದ್ರೆ ಇದ್ರಲ್ಲಿ ನಡೆಯೋದು ಎರಡೇ ರೂಪಾಯಿ. ಹತ್ತು ರೂಪಾಯಿ ನಾಣ್ಯ ಬೇಡ ಅನ್ನೋ ಅಂಗಡಿಯವರಿಗೂ ಹೇಳಿ, ಎಲ್ಲಾ ನಮೂನೆಯವೂ ನಡೀತವೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿಯಾಗೈತೆ.

ಫೋನಲ್ಲಿ “ನಿಮ್ಮ ಹಳೇ ನಾಣ್ಯಕ್ಕೆ ಲಕ್ಷ ಕೊಡ್ತೀವಿ, ಮೊದಲು ಶುಲ್ಕ ಕಟ್ಟಿ” ಅಂತ ಬಂದ್ರೆ ಕಟ್ ಮಾಡಿ. ನಮ್ಮ ಬೀದೀಲೇ ಒಬ್ಬರು ಚೀಟಿ ದುಡ್ಡು ಹಂಗೆ ಕಳಕೊಂಡು, ಮನೇಲಿ ಹೇಳಲಾರದೆ ಒಳಗೇ ಅತ್ತರು. ರಿಸರ್ವ್ ಬ್ಯಾಂಕ್ ಹೆಸರಲ್ಲಿ ಇಂಥ ಮೋಸ ನಡೀತೈತೆ, ನಾವು ಯಾರಿಂದಲೂ ಶುಲ್ಕ ಕೇಳಲ್ಲ ಅಂತ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿತ್ತು.

ಇನ್ನೊಂದು. ಹಳೇ ಕಾಸು ಸಿಕ್ಕರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಅಕ್ಷರ ಸವೆದುಹೋಗ್ತವೆ. ಬರೀ ನೀರಲ್ಲಿ ತೊಳೆದು, ಒರೆಸಿ, ಕಾಗದದ ಪೊಟ್ಟಣದಲ್ಲಿಡಿ. ಪೊಟ್ಟಣದ ಮೇಲೆ ಎಲ್ಲಿ ಸಿಕ್ತು, ಯಾರ ಗಂಟಲ್ಲಿತ್ತು ಅಂತ ಒಂದು ಸಾಲು ಬರೀರಿ. ಕಾಸಿನ ಮೇಲೆ ರಾಜನ ಹೆಸರು ಆಗಲೇ ಐತೆ, ಅದನ್ನ ಕೂಡಿಟ್ಟೋಳ ಹೆಸರನ್ನ ನಾವೇ ಬರೀಬೇಕು.