ಶ್ರವಣಭ್ರಮೆಯ ಚಿಕಿತ್ಸೆಯ ಚರಿತ್ರೆಯಲ್ಲಿ ಸೂಜಿ ಮತ್ತು ಬೇರು: ಸೇಡಂ–ಸೊಲ್ಲಾಪುರ ಸೀಮೆಯ ಹಿನ್ನೆಲೆಯಲ್ಲಿ ಒಂದು ಅವಲೋಕನ

ಕರ್ನಾಟಕದ ಇತಿಹಾಸ ರಚನೆಯಲ್ಲಿ ರಾಜಕೀಯ, ಧರ್ಮ, ಕಲೆ ಮತ್ತು ಸಾಹಿತ್ಯಗಳಿಗೆ ದೊರೆತಷ್ಟು ಗಮನ ವೈದ್ಯದ ಚರಿತ್ರೆಗೆ ದೊರೆತಿಲ್ಲ. ಅದರಲ್ಲಿಯೂ ಮನೋರೋಗಗಳ ಚಿಕಿತ್ಸೆಯ ಚರಿತ್ರೆ ತೀರ ಅಂಚಿನಲ್ಲಿ ಉಳಿದಿದೆ. ಎದುರಿಗೆ ಯಾರೂ ಇಲ್ಲದಿರುವಾಗಲೂ ಮನುಷ್ಯರ ದನಿ ಕೇಳಿಸುವುದು, ಆ ದನಿ ಬೈಯುವುದು, ಆಜ್ಞಾಪಿಸುವುದು, ಇಬ್ಬರು ತನ್ನನ್ನು ಕುರಿತೇ ಮಾತನಾಡುತ್ತಿರುವಂತೆ ತೋರುವುದು ಶ್ರವಣಭ್ರಮೆಯ ಲಕ್ಷಣಗಳು. ಸ್ಕಿಜೋಫ್ರೇನಿಯಾ ಎಂದು ಇಂದು ಕರೆಯಲಾಗುವ ರೋಗದಲ್ಲಿ ಇದು ವಿಶೇಷವಾಗಿ ಕಂಡುಬರುತ್ತದೆ. ಕೇಳುವವನಿಗೆ ಆ ದನಿ ನಿಜವಾದ ದನಿಯಷ್ಟೇ ಸ್ಪಷ್ಟವಾಗಿರುತ್ತದೆ. ಅದನ್ನು ಹೊರಗಿನವರು ಕೇಳಲಾರರು. ಆದುದರಿಂದ ಅದರ ಚಿಕಿತ್ಸೆ ಫಲಿಸಿತೇ ಇಲ್ಲವೇ ಎಂಬುದನ್ನು ಅಳೆಯುವುದು ಎಲ್ಲ ಕಾಲದಲ್ಲಿಯೂ ಕಷ್ಟವಾಗಿದೆ. ಚೀನಾದ ಸೂಜಿ ಚಿಕಿತ್ಸೆ, ಅಂದರೆ ಆಕ್ಯುಪಂಕ್ಚರ್, ಮತ್ತು ಗಿಡಮೂಲಿಕೆಗಳು ಈ ರೋಗಕ್ಕೆ ಬಳಕೆಯಾದ ಬಗೆಯನ್ನು ನಮ್ಮ ಸೀಮೆಯ ಅನುಭವದೊಡನೆ ಇಟ್ಟು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರದೇಶದ ವೈದ್ಯ ಪರಂಪರೆ

ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಆಡಕಿ, ತೊಗರಿ ಮತ್ತು ಜೋಳದ ಕಪ್ಪು ನೆಲದ ಊರು. ಆಡಕಿ, ಸೇಡಂ, ಮಳಖೇಡಗಳ ಜೈನ ಶಾಸನಗಳು ಪಿ.ಬಿ. ದೇಸಾಯಿಯವರು 1957ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜೈನಧರ್ಮವನ್ನು ಕುರಿತ ಗ್ರಂಥದಿಂದ ವಿದ್ವತ್ ಪ್ರಪಂಚಕ್ಕೆ ಪರಿಚಿತವಾದವು. ಇದೇ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. 'ಕಲ್ಯಾಣಕಾರಕ'ವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ರಚಿಸಿದ ಜೈನಾಚಾರ್ಯ ಉಗ್ರಾದಿತ್ಯನು, ಔಷಧಿಗಳಲ್ಲಿ ಮಾಂಸವನ್ನು ಬಳಸಬಾರದೆಂಬ ವಾದವನ್ನು ನೃಪತುಂಗನ ಸಭೆಯಲ್ಲಿ ಮಂಡಿಸಿದಂತೆ ಆ ಗ್ರಂಥದಿಂದ ತಿಳಿದುಬರುತ್ತದೆ. ಈ ನೃಪತುಂಗನನ್ನು ವಿದ್ವಾಂಸರು ಅಮೋಘವರ್ಷನೆಂದು ಗುರುತಿಸಿದ್ದಾರೆ. ಮದ್ದಿನ ಒಳಿತು ಕೆಡುಕುಗಳನ್ನು ಬಲ್ಲವರ ಸಭೆಯಲ್ಲಿ ವಾದಿಸಿ ನಿರ್ಣಯಿಸುವ ಪದ್ಧತಿ ಈ ನೆಲಕ್ಕೆ ಹೊಸದಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಉಗ್ರಾದಿತ್ಯನಿಗೂ ಹಿಂದಿನ ಚರಕಸಂಹಿತೆಯು ಉನ್ಮಾದವನ್ನು ಐದು ಬಗೆಯಾಗಿ ವಿಂಗಡಿಸಿ, ನಾಲ್ಕನ್ನು ವಾತ, ಪಿತ್ತ, ಕಫ ಮತ್ತು ಅವುಗಳ ಸನ್ನಿಪಾತಕ್ಕೆ ಸೇರಿಸಿತು. ಐದನೆಯದು ಆಗಂತು, ಅಂದರೆ ಹೊರಗಿನಿಂದ ಬಂದುದು. ಇಲ್ಲಿಯೂ ದೇವತೆಗಳಾಗಲಿ ಪಿಶಾಚಿಗಳಾಗಲಿ ತಾನೇ ಕೆಡದ ಮನುಷ್ಯನನ್ನು ಕೆಡಿಸುವುದಿಲ್ಲವೆಂಬ ಅಭಿಪ್ರಾಯವನ್ನು ಆ ಗ್ರಂಥ ವ್ಯಕ್ತಪಡಿಸುತ್ತದೆ. ಹೀಗೆ ಶಾಸ್ತ್ರವು ರೋಗವನ್ನು ದೇಹದಲ್ಲಿಯೇ ಹುಡುಕಲು ಯತ್ನಿಸಿತು.

ಶಾಸ್ತ್ರದ ದಾರಿ ಹೀಗಿದ್ದರೂ ಜನಸಾಮಾನ್ಯರ ದಾರಿ ಬೇರೆಯಾಗಿತ್ತು. 'ಗಾಳಿ ಸೋಕಿದೆ' ಎಂಬ ನಂಬಿಕೆಯಿಂದ ರೋಗಿಯನ್ನು ಗಾಣಗಾಪುರದ ದತ್ತಾತ್ರೇಯ ಕ್ಷೇತ್ರಕ್ಕೋ, 1422ರಲ್ಲಿ ನಿಧನರಾದ ಖ್ವಾಜಾ ಬಂದೇನವಾಜರ ದರ್ಗಾಕ್ಕೋ ಕರೆದೊಯ್ಯುವ ರೂಢಿ ಈ ಸೀಮೆಯಲ್ಲಿ ಬೆಳೆಯಿತು. ಜಾತಿ ಮತಗಳ ಭೇದವಿಲ್ಲದೆ ಎಲ್ಲರೂ ಎರಡೂ ಕಡೆ ಹೋಗುತ್ತಿದ್ದುದು ಗಮನಾರ್ಹ. ನೊಂದ ಕುಟುಂಬಕ್ಕೆ ಅಲ್ಲಿ ಆಶ್ರಯವೂ ಸಮಾಧಾನವೂ ದೊರೆಯುತ್ತಿದ್ದವು.

ಸರಕಾರದ ವ್ಯವಸ್ಥೆಯಾದರೋ ದೂರದಲ್ಲಿತ್ತು. 1948ರವರೆಗೆ ಈ ಭಾಗ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನದ ಮಾನಸಿಕ ರೋಗಿಗಳನ್ನು ಮೊದಲು ಹೈದರಾಬಾದಿನ ಕಾರಾಗೃಹದ ಆವರಣದಲ್ಲಿ, ಅನಂತರ ಮರಾಠವಾಡದ ಜಾಲ್ನಾದಲ್ಲಿ ಇರಿಸಲಾಗುತ್ತಿತ್ತು. ಆ ಆಸ್ಪತ್ರೆ 1953ರಲ್ಲಿ ಹೈದರಾಬಾದಿನ ಎರ್ರಗಡ್ಡಕ್ಕೆ ಸ್ಥಳಾಂತರಗೊಂಡಿತು. ರೋಗಿಗೆ ಸೆರೆಮನೆಯ ಪಕ್ಕದಲ್ಲಿ ಸ್ಥಳ ಕಲ್ಪಿಸಿದ್ದು ಆ ಕಾಲದ ದೃಷ್ಟಿಯನ್ನು ಸ್ಪಷ್ಟಪಡಿಸುತ್ತದೆ.

ಚೀನಾದ ಗ್ರಂಥಗಳಲ್ಲಿ ಶ್ರವಣಭ್ರಮೆ

ನಮ್ಮ ಸಂಹಿತೆಗಳಂತೆಯೇ ಚೀನಾದ ಪ್ರಾಚೀನ ವೈದ್ಯಗ್ರಂಥವೂ ಈ ಲಕ್ಷಣವನ್ನು ಗುರುತಿಸಿತ್ತು. ಕ್ರಿಸ್ತಶಕದ ಆರಂಭದ ಆಸುಪಾಸಿನಲ್ಲಿ ರೂಪುಗೊಂಡ 'ಹುವಾಂಗ್‌ದಿ ನೇಯ್‌ಜಿಂಗ್'ನ 'ಲಿಂಗ್‌ಶು' ಎಂಬ ಭಾಗದಲ್ಲಿ ಉನ್ಮಾದಕ್ಕೆಂದೇ ಒಂದು ಅಧ್ಯಾಯವಿದೆ. ಇಲ್ಲದುದನ್ನು ಕಣ್ಣು ಕಾಣುವುದು, ಇಲ್ಲದುದನ್ನು ಕಿವಿ ಕೇಳುವುದು, ರೋಗಿ ಕೂಗಾಡುವುದು ಇವನ್ನು ಒಟ್ಟಿಗೆ ಹೇಳಿ, ದೇಹದಲ್ಲಿ 'ಚಿ' ಎಂಬ ಪ್ರಾಣಶಕ್ತಿ ಕುಂದುವುದೇ ಇವುಗಳಿಗೆ ಕಾರಣವೆಂದು ಅದು ಸೂಚಿಸುತ್ತದೆ. ಯಾವ ನಾಡಿಮಾರ್ಗಗಳಲ್ಲಿ ಸೂಜಿಯನ್ನು ಪ್ರಯೋಗಿಸಬೇಕೆಂಬುದನ್ನೂ ಅಲ್ಲಿ ವಿವರಿಸಲಾಗಿದೆ.

ಏಳನೆಯ ಶತಮಾನದ ವೈದ್ಯ ಸುನ್ ಸಿಮಿಯಾವೊನ ಗ್ರಂಥದಲ್ಲಿ ಉನ್ಮಾದಕ್ಕಾಗಿ ಹದಿಮೂರು ಬಿಂದುಗಳ ಪಟ್ಟಿ ಸಿಗುತ್ತದೆ. ಪ್ರತಿ ಬಿಂದುವಿನ ಹೆಸರಿನಲ್ಲಿಯೂ ದೆವ್ವ ಎಂಬ ಅರ್ಥದ 'ಗುಯಿ' ಶಬ್ದವಿದೆ. ನಮ್ಮ ಭೂತವಿದ್ಯೆಯಲ್ಲಿರುವಂತೆ ಇಲ್ಲಿಯೂ ದೆವ್ವದ ಭಾಷೆ ಮತ್ತು ದೇಹದ ಚಿಕಿತ್ಸೆ ಬೆರೆತಿವೆ. ಕಿವಿಯ ಮುಂಭಾಗದ 'ಟಿಂಗ್‌ಗೊಂಗ್' ಎಂಬ ಬಿಂದುವನ್ನು ಇಂದಿಗೂ ದನಿ ಕೇಳುವ ರೋಗಿಗಳಿಗೆ ಬಳಸುತ್ತಾರೆ. ಈ ಹೆಸರಿಗೆ ಆಲಿಸುವ ಅರಮನೆ ಎಂಬ ಅರ್ಥವಿದೆ.

ಗಿಡಮೂಲಿಕೆಗಳ ದಾರಿಯಲ್ಲಿ 1830ರ ವಾಂಗ್ ಚಿಂಗ್‌ರೆನ್ ಮುಖ್ಯನಾದವನು. ರಕ್ತ ಹೆಪ್ಪುಗಟ್ಟಿ ಮಿದುಳಿಗೂ ಉಳಿದ ಅಂಗಗಳಿಗೂ ಸಂಪರ್ಕ ತಪ್ಪಿದಾಗ ಮನುಷ್ಯ ಕನಸು ಕಾಣುವವನಂತೆ ಆಗುತ್ತಾನೆಂದು ಆತ ಬಗೆದನು. ಪೀಚ್ ಹಣ್ಣಿನ ಬೀಜದ ತಿರುಳನ್ನು ಪ್ರಧಾನವಾಗಿಸಿ ಆತ ರೂಪಿಸಿದ ಕಷಾಯದ ಹೆಸರಿನಲ್ಲಿಯೇ ಕನಸಿನಿಂದ ಎಚ್ಚರಿಸುವ ಭಾವವಿದೆ. ಉನ್ಮಾದವನ್ನು ಮಿದುಳಿಗೆ ಸಂಬಂಧಿಸಿದ ಈ ವಿಚಾರ ಆ ಪರಂಪರೆಯೊಳಗೆ ಹೊಸ ಹೆಜ್ಜೆಯಾಗಿತ್ತು. ಇದೇ ಪರಂಪರೆಯಲ್ಲಿ ಮನಸ್ಸನ್ನು ಶಾಂತಗೊಳಿಸಲು ಇಂಗಲೀಕವನ್ನು ಕೊಡುವ ರೂಢಿಯೂ ಇತ್ತು. ಇಂಗಲೀಕ ಪಾದರಸದ ಸಂಯುಕ್ತವಾದುದರಿಂದ ವಿಷಕರವಾಗಬಲ್ಲದು. ಹಳೆಯದೆಂಬ ಒಂದೇ ಕಾರಣಕ್ಕೆ ಯಾವ ಮದ್ದೂ ನಿರಪಾಯಕರವೆಂದು ಭಾವಿಸಲಾಗದು.

ಸೊಲ್ಲಾಪುರದ ನಂಟು

ಚೀನಾದ ಸೂಜಿ ಭಾರತಕ್ಕೆ ಬಂದ ಕಥೆಯಲ್ಲಿ ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿರುವ ಗಡಿಜಿಲ್ಲೆ ಸೊಲ್ಲಾಪುರಕ್ಕೆ ಪರೋಕ್ಷವಾದ ಸ್ಥಾನವಿದೆ. ವಾಡಿಯಿಂದ ರೈಲಿನಲ್ಲಿ ಸುಲಭವಾಗಿ ತಲುಪಬಹುದಾದ ಈ ನಗರದಲ್ಲಿ 1910ರ ಅಕ್ಟೋಬರ್ 10ರಂದು ದ್ವಾರಕಾನಾಥ ಕೋಟ್ನಿಸ್ ಜನಿಸಿದರು. ಜಪಾನಿನ ಆಕ್ರಮಣಕ್ಕೆ ಒಳಗಾಗಿದ್ದ ಚೀನಾಕ್ಕೆ 1938ರಲ್ಲಿ ಕಾಂಗ್ರೆಸ್ ಕಳುಹಿಸಿದ ವೈದ್ಯಕೀಯ ತಂಡದ ಐವರಲ್ಲಿ ಅವರೊಬ್ಬರು. ಅಟಲ್, ಚೋಳ್ಕರ್, ಮುಖರ್ಜಿ ಮತ್ತು ಬಿಜೋಯ್ ಕುಮಾರ್ ಬಸು ಉಳಿದ ನಾಲ್ವರು. ಗಾಯಾಳು ಸೈನಿಕರ ಶಸ್ತ್ರಚಿಕಿತ್ಸೆಯಲ್ಲಿ ನಿರತರಾಗಿದ್ದ ಕೋಟ್ನಿಸರು 1942ರ ಡಿಸೆಂಬರ್ 9ರಂದು ತಮ್ಮ 32ನೆಯ ವಯಸ್ಸಿನಲ್ಲಿ ಚೀನಾದಲ್ಲಿಯೇ ನಿಧನರಾದರು.

ಕೋಟ್ನಿಸರು ಸೂಜಿ ಚಿಕಿತ್ಸೆಯನ್ನು ಭಾರತಕ್ಕೆ ತಂದವರಲ್ಲ. ಆ ಕಾರ್ಯ ಅವರ ಸಹೋದ್ಯೋಗಿ ಬಸು ಅವರಿಂದ ನೆರವೇರಿತು. 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಆ ವಿದ್ಯೆಯನ್ನು ಕಲಿತ ಬಸು 1959ರಿಂದ ಕಲ್ಕತ್ತೆಯಲ್ಲಿ ಅದನ್ನು ಆಚರಣೆಗೆ ತಂದರು. ಅವರ ಶಿಷ್ಯರು ಮತ್ತು ಕೋಟ್ನಿಸರ ಹೆಸರಿನ ಸಂಸ್ಥೆಗಳ ಮೂಲಕ ಅದು ದೇಶದ ಇತರ ಭಾಗಗಳಿಗೆ ಹರಡಿತು. ಭಾರತ ಸರಕಾರ 2003ರಲ್ಲಿ ಅದನ್ನು ಚಿಕಿತ್ಸಾ ವಿಧಾನವೆಂದು ಒಪ್ಪಿಕೊಂಡಿತು, 2019ರಲ್ಲಿ ಸ್ವತಂತ್ರ ಪದ್ಧತಿಯೆಂದು ಮನ್ನಿಸಿತು. ಆದರೆ ಒಂದು ಪದ್ಧತಿಗೆ ಮಾನ್ಯತೆ ದೊರೆತ ಮಾತ್ರಕ್ಕೆ ಅದು ಪ್ರತಿಯೊಂದು ರೋಗವನ್ನೂ ಗುಣಪಡಿಸುತ್ತದೆಂದು ಸಿದ್ಧವಾಗುವುದಿಲ್ಲ.

ಬೇರಿನ ಪರೀಕ್ಷೆ

ಸಾಂಪ್ರದಾಯಿಕ ಮದ್ದೊಂದು ಪರೀಕ್ಷೆಗೆ ಒಳಗಾಗಿ ಆಧುನಿಕ ವೈದ್ಯವನ್ನೇ ಬದಲಿಸಿದ ನಿದರ್ಶನ ನಮ್ಮ ದೇಶದಲ್ಲಿಯೇ ಇದೆ. ಮಲೆನಾಡಿನ ಕಾಡುಗಳಲ್ಲಿಯೂ ಬೆಳೆಯುವ ಸರ್ಪಗಂಧದ ಬೇರು ಉತ್ತರ ಭಾರತದಲ್ಲಿ ಹುಚ್ಚಿನ ಮದ್ದೆಂದೇ ಮಾರಾಟವಾಗುತ್ತಿತ್ತು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅದು ಉನ್ಮಾದ ಮತ್ತು ರಕ್ತದ ಒತ್ತಡಗಳಿಗೆ ಉಪಯುಕ್ತವೆಂದು ಲೇಖನ ಪ್ರಕಟಿಸಿದರು. ಅದೇ ಕಾಲದಲ್ಲಿ ದೆಹಲಿಯ ಟಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಬೇರಿನ ಕ್ಷಾರಾಂಶಗಳನ್ನು ಬೇರ್ಪಡಿಸಿ, ಒಂದಕ್ಕೆ ಹಕೀಮ್ ಅಜ್ಮಲ್ ಖಾನರ ನೆನಪಿನಲ್ಲಿ ಅಜ್ಮಲೀನ್ ಎಂದು ಹೆಸರಿಟ್ಟರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ರಿಸರ್ಪಿನ್ ಬೇರ್ಪಟ್ಟಿತು. 1954ರಲ್ಲಿ ನಾಥನ್ ಕ್ಲೈನ್ ಅಮೆರಿಕದ ಮಾನಸಿಕ ಆಸ್ಪತ್ರೆಯಲ್ಲಿ ಅದರ ಬಳಕೆಯ ಫಲಿತಾಂಶವನ್ನು ವರದಿ ಮಾಡಿದರು.

ಪರೀಕ್ಷೆಯು ಗುಣದೊಡನೆ ದೋಷವನ್ನೂ ಹೊರಗೆಡಹಿತು. ರಿಸರ್ಪಿನ್‌ನಿಂದ ರಕ್ತದ ಒತ್ತಡ ತೀರ ಇಳಿಯುತ್ತಿತ್ತು, ಕೆಲವರಲ್ಲಿ ಖಿನ್ನತೆಯೂ ಕಾಣಿಸಿಕೊಂಡಿತು. 1952ರಲ್ಲಿ ಫ್ರಾನ್ಸಿನಲ್ಲಿ ಬಳಕೆಗೆ ಬಂದ ಕ್ಲೋರ್‌ಪ್ರೋಮಜೀನ್ ಅದರ ಸ್ಥಾನವನ್ನು ಪಡೆಯಿತು. ಆದರೂ ಬೇರಿನ ಕೊಡುಗೆ ಅಲ್ಲಿಗೆ ಮುಗಿಯಲಿಲ್ಲ. ರಿಸರ್ಪಿನ್ ಮಿದುಳಿನ ಡೋಪಮಿನ್ ಸಂಗ್ರಹವನ್ನು ಬರಿದುಮಾಡುತ್ತದೆಂಬುದನ್ನು ಆರ್ವಿಡ್ ಕಾರ್ಲ್‌ಸನ್ ಮತ್ತು ಸಹೋದ್ಯೋಗಿಗಳು 1950ರ ದಶಕದ ಕೊನೆಯಲ್ಲಿ ತೋರಿಸಿದರು. ಇಲ್ಲದ ದನಿ ಏಕೆ ಕೇಳುತ್ತದೆಂಬ ಪ್ರಶ್ನೆಗೆ ಡೋಪಮಿನ್‌ನಲ್ಲಿ ಉತ್ತರ ಹುಡುಕುವ ದಾರಿ ಹೀಗೆ ತೆರೆಯಿತು. ಚೀನಾದಲ್ಲಿಯೂ ಅದೇ ದಶಕದಲ್ಲಿ ಸರ್ಪಗಂಧದ ಸ್ಥಳೀಯ ಪ್ರಭೇದದಿಂದ ರಕ್ತದ ಒತ್ತಡದ ಔಷಧಿ ತಯಾರಾಯಿತು.

ಸೂಜಿಯ ಪರೀಕ್ಷೆ

ಸರ್ಪಗಂಧ ದಾಟಿದ ಪರೀಕ್ಷೆಯನ್ನು ಸೂಜಿ ಇನ್ನೂ ಅದೇ ಮಟ್ಟದಲ್ಲಿ ದಾಟಿಲ್ಲ. ಸ್ಕಿಜೋಫ್ರೇನಿಯಾದಲ್ಲಿ ಆಕ್ಯುಪಂಕ್ಚರ್ ಬಳಕೆಯನ್ನು ಕುರಿತ ಕಾಕ್ರೇನ್ ಸಮೀಕ್ಷೆ 2014ರಲ್ಲಿ 30 ಪ್ರಯೋಗಗಳನ್ನು ಒಟ್ಟುಗೂಡಿಸಿತು. ರೂಢಿಯ ಔಷಧಿಯೊಡನೆ ಸೂಜಿಯನ್ನೂ ಸೇರಿಸಿದಾಗ ಕೆಲವು ಪ್ರಯೋಗಗಳಲ್ಲಿ ಪ್ರಯೋಜನ ಕಂಡಿದೆ. ಆದರೆ ಪ್ರಯೋಗಗಳ ಗುಣಮಟ್ಟ ದುರ್ಬಲವಾದುದರಿಂದ ದೃಢವಾದ ನಿರ್ಣಯ ಸಾಧ್ಯವಿಲ್ಲವೆಂಬುದು ಅದರ ಸಾರ. ಚೀನೀ ಗಿಡಮೂಲಿಕೆಗಳನ್ನು ಕುರಿತ 2005ರ ಸಮೀಕ್ಷೆಯಲ್ಲಿ ದೊರೆತವು ಏಳು ಪ್ರಯೋಗಗಳು ಮಾತ್ರ. ಅವುಗಳಲ್ಲಿಯೂ ಹೆಚ್ಚಿನವು ಮೂಲಿಕೆಯನ್ನು ಔಷಧಿಯ ಜೊತೆಗೆ ಕೊಟ್ಟವು, ಬದಲಿಯಾಗಿ ಕೊಟ್ಟವಲ್ಲ. ಈ ವ್ಯತ್ಯಾಸ ಬಹು ಮುಖ್ಯವಾದುದು.

ಸೂಜಿಯನ್ನು ಪರೀಕ್ಷಿಸುವುದರಲ್ಲಿ ವಿಶೇಷ ತೊಡಕಿದೆ. ಮಾತ್ರೆಗೆ ಹುಸಿ ಮಾತ್ರೆಯನ್ನು ಹೋಲಿಸಬಹುದು. ಚುಚ್ಚಿದ್ದನ್ನು ರೋಗಿಯಿಂದ ಮರೆಮಾಚುವುದು ಸುಲಭವಲ್ಲ. ತೊಡಕಿದ್ದರೂ ಅದು ಅಸಾಧ್ಯವಲ್ಲವೆಂಬುದಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನ ಕಾರ್ಯವೇ ಸಾಕ್ಷಿ. ಔಷಧಿಗೆ ಬಗ್ಗದ ಶ್ರವಣಭ್ರಮೆಗೆ ತಲೆಯ ಮೇಲಿಂದ ಕ್ಷೀಣ ವಿದ್ಯುತ್ತನ್ನು ಹರಿಸುವ ವಿಧಾನವನ್ನು ಹುಸಿ ಪ್ರಯೋಗದೊಡನೆ ಹೋಲಿಸಿದ ಫಲಿತಾಂಶವನ್ನು ಅಲ್ಲಿಯ ಸಂಶೋಧಕರು 2018ರಲ್ಲಿ ಪ್ರಕಟಿಸಿದರು. ವಿದ್ಯುತ್ತಿಗೆ ಹಿಡಿದ ಅಳತೆಗೋಲನ್ನು ಸೂಜಿಗೂ ಮೂಲಿಕೆಗೂ ಹಿಡಿಯುವುದು ನ್ಯಾಯವಾದುದು.

ಉಪಸಂಹಾರ

ಈ ಚರ್ಚೆ ವಿದ್ವತ್ತಿಗೆ ಮಾತ್ರ ಸಂಬಂಧಿಸಿದುದಲ್ಲ. ಮನೆಯ ಮಗನೋ ಸೊಸೆಯೋ ಗೋಡೆಯೊಡನೆ ಮಾತನಾಡತೊಡಗಿದಾಗ ಯಾವ ಬಾಗಿಲು ತಟ್ಟಬೇಕೆಂಬುದು ಕುಟುಂಬದ ಮುಂದಿನ ಬದುಕನ್ನು ನಿರ್ಧರಿಸುತ್ತದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ಕಾರಣ ತಪ್ಪಿಸಿಕೊಳ್ಳಲಾಗದೆ 28 ಮಂದಿ ರೋಗಿಗಳು ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಯಾವುದೇ ರೀತಿಯಲ್ಲಿ ರೋಗಿಗೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯಿಂದ, 14416 ಸಂಖ್ಯೆಗೆ ಕರೆ ಮಾಡಿದವರಿಗೆ ಕನ್ನಡದಲ್ಲಿಯೂ ಸಲಹೆ ದೊರೆಯುತ್ತದೆ. ಜಾಲ್ನಾದವರೆಗೆ ಹೋಗಬೇಕಿದ್ದ ಕಾಲಕ್ಕೂ ಇಂದಿಗೂ ಇರುವ ಅಂತರ ಚಿಕ್ಕದಲ್ಲ.

ಒಟ್ಟಾರೆಯಾಗಿ ಹೇಳುವುದಾದರೆ, ಪರಂಪರೆಯ ಮದ್ದನ್ನು ಕೊಂಡಾಡುವುದಾಗಲಿ ಹೀಗಳೆಯುವುದಾಗಲಿ ಚರಿತ್ರೆಯ ಪಾಠವಲ್ಲ. ಒರೆಗೆ ಹಚ್ಚಿದಾಗ ಸರ್ಪಗಂಧದ ಬೇರು ತನ್ನ ಬೆಲೆಯನ್ನೂ ಮಿತಿಯನ್ನೂ ತೋರಿತು. ಸೂಜಿ ಮತ್ತು ಚೀನೀ ಕಷಾಯಗಳು ಒರೆಯ ಮೇಲೆ ಇನ್ನೂ ಇವೆ. ಅಲ್ಲಿಯವರೆಗೆ ಅವು ವೈದ್ಯರ ಅರಿವಿನಲ್ಲಿ ಪೂರಕವಾಗಿ ಇರಬಹುದೇ ಹೊರತು, ದನಿ ಕೇಳುವವರು ಸೇವಿಸುತ್ತಿರುವ ಔಷಧಿಯನ್ನು ನಿಲ್ಲಿಸಲು ಕಾರಣವಾಗಬಾರದು. ನೃಪತುಂಗನ ಸಭೆಯಲ್ಲಿ ಮದ್ದಿನ ಹಿತಾಹಿತಗಳನ್ನು ವಾದಿಸಿದ ನೆಲದಲ್ಲಿ ಈ ವಿಚಾರವನ್ನು ಮುಂದುವರಿಸುವುದು ಉಚಿತವೂ ಅಗತ್ಯವೂ ಆಗಿದೆ. ಜೊತೆಗೆ ಜಾಲ್ನಾ, ಹೈದರಾಬಾದ್ ಆಸ್ಪತ್ರೆಗಳ ಹಳೆಯ ದಾಖಲೆಗಳಲ್ಲಿ ಕಲಬುರಗಿ ಸೀಮೆಯ ರೋಗಿಗಳ ಜಾಡನ್ನು ಹುಡುಕುವ ಕೆಲಸವನ್ನು ತರುಣ ಸಂಶೋಧಕರು ಕೈಗೆತ್ತಿಕೊಳ್ಳಬೇಕಾಗಿದೆ.