ರಾಯಣ್ಣನ ಲಾವಣಿ: ಇಂಗ್ಲಿಷ್ ಅಧಿಕಾರಿಯೇ ಬರೆದಿಟ್ಟ ಬಂಡಾಯದ ಹಾಡು

ಟಿಳಕವಾಡಿಯಿಂದ ಮಾತಾಡಾಕತ್ತೇನಿ. ಇವತ್ತಿನ ಕಥೆ ಒಂದು ಹಾಡಿನದು.

ಇಂಗ್ಲಿಷರು ಒಬ್ಬನನ್ನು ಗಲ್ಲಿಗೇರಿಸುತ್ತಾರೆ. ಜನ ಅವನ ಮೇಲೆ ಹಾಡು ಕಟ್ಟುತ್ತಾರೆ. ಅರ್ಧ ಶತಮಾನ ಕಳೆದ ಮೇಲೆ ಅದೇ ಇಂಗ್ಲಿಷರ ಒಬ್ಬ ಅಧಿಕಾರಿ ಆ ಹಾಡನ್ನು ಬರೆದುಕೊಂಡು, ಅನುವಾದ ಮಾಡಿ ಅಚ್ಚು ಹಾಕಿಸುತ್ತಾನೆ. ವಿಚಿತ್ರ ಅಲ್ಲೇನ್ರಿ? ಹಾಡು ಸಂಗೊಳ್ಳಿ ರಾಯಣ್ಣನ ಲಾವಣಿ. ಅಧಿಕಾರಿ ಜಾನ್ ಫೇತ್‌ಫುಲ್ ಫ್ಲೀಟ್.

ಮೊದಲು ರಾಯಣ್ಣನ ಕಥೆ, ಚುಟುಕಾಗಿ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರ್‌ನಲ್ಲಿ ಇಂಗ್ಲಿಷರು ದೊಡ್ಡ ಸೈನ್ಯ ತಂದು ಕೋಟೆ ಗೆದ್ದರು. ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾಗಿ ಅಲ್ಲೇ 1829ರಲ್ಲಿ ತೀರಿಕೊಂಡರು. ದತ್ತುಮಗ ಶಿವಲಿಂಗಪ್ಪನನ್ನು ಗದ್ದುಗೆಗೆ ಏರಿಸಬೇಕು ಅಂತ ರಾಯಣ್ಣ ಮತ್ತೆ ಎದ್ದು ನಿಂತ. ದೊಡ್ಡ ಸೈನ್ಯ ಇರಲಿಲ್ಲ. ಕಾಡು ಗೊತ್ತಿತ್ತು, ಹಳ್ಳಿ ಜನ ಜೊತೆಗಿದ್ದರು. ಖಾನಾಪುರ ತಾಲೂಕಿನ ಬೀಡಿಯಲ್ಲಿ ಸರ್ಕಾರಿ ಕಚೇರಿಯನ್ನು ಸುಟ್ಟರು. 1830ರ ಏಪ್ರಿಲ್‌ನಲ್ಲಿ ನಂಬಿದವರೇ ಹಿಡಿದುಕೊಟ್ಟರು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲು. ಅಲ್ಲಿನ ಆಲದಮರಕ್ಕೆ ಮಕ್ಕಳಾಗಲಿ ಅಂತ ಹರಕೆ ಹೊತ್ತವರು ಈಗಲೂ ತೊಟ್ಟಿಲು ಕಟ್ಟುತ್ತಾರೆ.

ಸರ್ಕಾರದ ಕಡತ ಗಲ್ಲಿನೊಂದಿಗೆ ಮುಚ್ಚಿತು. ಹಾಡು ಶುರುವಾಯಿತು.

ನಮ್ಮ ಕಡೆ ಲಾವಣಿಯನ್ನು ಗೀಗೀ ಮೇಳದವರು ಹಾಡುತ್ತಾರೆ. ಕೈಯಲ್ಲಿ ದಪ್ಪು, ಜೊತೆಗೆ ತುಂತುಣಿ, ತಾಳ. ಮುಂದಿನವ ಕಥೆ ಹೇಳುತ್ತಾ ಹೋಗುತ್ತಾನೆ. ಹಿಮ್ಮೇಳದವರು ಗೀಗೀ ಅಂತ ದನಿ ಎಳೆಯುತ್ತಾರೆ. ಆ ಎಳೆತದಲ್ಲಿ ಹಾಡುಗಾರನಿಗೆ ಉಸಿರು ಸಿಗುತ್ತದೆ, ಮುಂದಿನ ನುಡಿ ನೆನಪಾಗುತ್ತದೆ, ಕೇಳುವವನಿಗೆ ಹೇಳಿದ್ದು ತಲೆಗೆ ಇಳಿಯುತ್ತದೆ. ಎಷ್ಟೋ ಲಾವಣಿಗಳ ಕೊನೆಯ ನುಡಿಯಲ್ಲಿ ಕವಿಯ ಊರು, ಗುರುವಿನ ಹೆಸರು ಬರುತ್ತವೆ. ಅದು ಹಾಡಿನ ಆಧಾರ್ ಕಾರ್ಡ್ ಇದ್ದ ಹಾಗೆ.

ಈಗ ಫ್ಲೀಟ್ ಕಡೆ ಬರೋಣ. 1867ರಲ್ಲಿ ಮುಂಬೈ ಪ್ರಾಂತ್ಯದ ನೌಕರಿಗೆ ಬಂದ ಮನುಷ್ಯ. ಕನ್ನಡ ಕಲಿತ, ಶಾಸನ ಓದಿದ, ಕನ್ನಡ ನಾಡಿನ ರಾಜವಂಶಗಳ ಬಗ್ಗೆ ಪುಸ್ತಕ ಬರೆದ. 1885ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಪ್ರಕಟಿಸಿದ. ರಾಯಣ್ಣನದು ಅದರಲ್ಲಿತ್ತು. 1857ರಲ್ಲಿ ಆಯುಧ ಒಪ್ಪಿಸೋದಿಲ್ಲ ಅಂತ ತಿರುಗಿಬಿದ್ದ ಹಲಗಲಿ ಬೇಡರದೂ ಇತ್ತು. ಇನ್‌ಕಮ್ ಟ್ಯಾಕ್ಸ್ ಮೇಲೂ ಒಂದು ಲಾವಣಿ ಇತ್ತು, ನಂಬ್ರಿ! ಕಲ್ಲಿನ ಮೇಲಿನ ರಾಜರ ಮಾತು ಓದುತ್ತಿದ್ದವನಿಗೆ ಬಾಯಲ್ಲಿದ್ದ ಜನರ ಮಾತೂ ದಾಖಲೆ ಅಂತ ಅನಿಸಿತು. ನನಗೆ ಇದೇ ದೊಡ್ಡ ವಿಷಯ.

ಹಾಗಂತ ಲಾವಣಿಯನ್ನು ಕಣ್ಣುಮುಚ್ಚಿ ಇತಿಹಾಸ ಅನ್ನಬಾರದು. ತಾರೀಖು, ಲೆಕ್ಕ ಬೇಕಂದ್ರೆ ಕಡತಕ್ಕೇ ಹೋಗಬೇಕು. ಆದರೆ ಕಡತದಲ್ಲಿ ರಾಯಣ್ಣ ಒಬ್ಬ ದಂಗೆಕೋರ, ಅಷ್ಟೇ. ಊರು ಯಾರ ಕಡೆ ಇತ್ತು, ಯಾವುದನ್ನು ದ್ರೋಹ ಅಂದಿತು, ಯಾರಿಗಾಗಿ ಅತ್ತಿತು? ಅದನ್ನು ಹಾಡನ್ನೇ ಕೇಳಬೇಕು.

ಅಮೆರಿಕದಲ್ಲೂ ಇಂಥದ್ದೇ ಒಂದು ಕಥೆ ಇದೆ. ಅಲ್ಲಿನ ಹಳ್ಳಿಗಾಡಿನ ಪಿಟೀಲು ವಾದಕರು ‘ಬೋನಾಪಾರ್ಟ್ಸ್ ರಿಟ್ರೀಟ್’ ಅನ್ನೋ ಧಾಟಿ ನುಡಿಸುತ್ತಾರೆ. ನೆಪೋಲಿಯನ್ ಎಲ್ಲಿ, ಕೆಂಟಕಿಯ ಗುಡ್ಡಗಾಡು ಎಲ್ಲಿ! 1937ರಲ್ಲಿ ಅಲನ್ ಲೋಮ್ಯಾಕ್ಸ್ ಅಲ್ಲಿಗೆ ಹೋಗಿ ವಿಲಿಯಂ ಸ್ಟೆಪ್ ಎಂಬ ವಾದಕನಿಂದ ಅದನ್ನು ರೆಕಾರ್ಡ್ ಮಾಡಿದರು. ಸ್ಟೆಪ್ ನುಡಿಸಿದ ರೀತಿಯನ್ನೇ ಆರನ್ ಕೋಪ್ಲ್ಯಾಂಡ್ 1942ರ ‘ರೋಡಿಯೋ’ ಬ್ಯಾಲೆಯಲ್ಲಿ ಬಳಸಿದರು. ಕೋಪ್ಲ್ಯಾಂಡ್ ಹೆಸರು ಜಗತ್ತಿಗೇ ಗೊತ್ತು. ಸ್ಟೆಪ್ ಯಾರು ಅಂತ ಎಷ್ಟು ಜನಕ್ಕೆ ಗೊತ್ತು? ನಮ್ಮಲ್ಲೂ ಹಾಗೇ ನೋಡ್ರಿ. ಫ್ಲೀಟ್ ಹೆಸರು ಪುಸ್ತಕದಲ್ಲಿ ಉಳಿದಿದೆ. ಹಾಡಿದವನ ಹೆಸರು ಯಾರ ಬಾಯಲ್ಲೂ ಇಲ್ಲ.

ಕಿತ್ತೂರಿನ ಕದನವಾಗಿ ಸರಿಯಾಗಿ ನೂರು ವರ್ಷಕ್ಕೆ, 1924ರ ಡಿಸೆಂಬರ್‌ನಲ್ಲಿ, ನಮ್ಮ ಟಿಳಕವಾಡಿಯಲ್ಲೇ ಗಾಂಧೀಜಿ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ವೀರಸೌಧ, ಕಾಂಗ್ರೆಸ್ ಬಾವಿ ನೋಡಿದವರಿಗೆ ಜಾಗ ಗೊತ್ತೇ ಇರುತ್ತದೆ. ಆ ಹೋರಾಟದ ಕಾಲದಲ್ಲಿ ರಾಮದುರ್ಗ ಕಡೆಯ ಹುಲಕುಂದದ ಕವಿಗಳು ಗೀಗೀ ಪದ ಕಟ್ಟಿ ಸ್ವಾತಂತ್ರ್ಯದ ಸುದ್ದಿ ಹರಡಿದರು. ರಾಯಣ್ಣನನ್ನು ನೆನಪಿಟ್ಟ ಅದೇ ದಪ್ಪು, ಅದೇ ಗೀಗೀ, ಈಗ ಹೊಸ ಕೆಲಸಕ್ಕೆ ಬಂತು. ಓದು ಬಾರದವರಿಗೆ ಅದೇ ಪೇಪರ್, ಅದೇ ರೇಡಿಯೊ. ಒಂಥರಾ ಅದೇ ಪಾಡ್‌ಕಾಸ್ಟ್!

ಇವತ್ತು ರಾಯಣ್ಣ ಅಂದ ಕೂಡಲೇ ಬಹಳ ಜನಕ್ಕೆ ನೆನಪಾಗೋದು 2012ರ ಸಿನಿಮಾ. ಅದೂ ಇರಲಿ. ಆದರೆ ಲಾವಣಿಯನ್ನು ಬರೀ ಓದಿದರೆ ಅರ್ಧ ಮಾತ್ರ ಸಿಗುತ್ತದೆ. ದನಿ ಎಲ್ಲಿ ಏರಬೇಕು, ದಪ್ಪು ಎಲ್ಲಿ ನಿಲ್ಲಬೇಕು, ಅದು ಹಾಡೋರ ಕೊರಳಲ್ಲೇ ಇರೋದು. ಅವರು ಹೋದರೆ ಅದೂ ಹೋಯಿತು.

ಅದಕ್ಕೇ ಒಂದು ಕೆಲಸ ಹೇಳ್ತೇನಿ. ನಿಮ್ಮ ಅಜ್ಜ, ಅಮ್ಮ, ಓಣಿಯ ಕಾಕಾ, ಯಾರಾದರೂ ಲಾವಣಿ ಹಾಡುತ್ತಿದ್ದರೆ, ಕೇಳಿಕೊಂಡು ಫೋನ್‌ನಲ್ಲಿ ರೆಕಾರ್ಡ್ ಮಾಡ್ರಿ. ಹಾಡು ಮುಗಿದ ಕೂಡಲೇ ಆಫ್ ಮಾಡಬೇಡ್ರಿ. ಹೆಸರೇನು, ಊರು ಯಾವುದು, ಯಾರಿಂದ ಕಲಿತಿರಿ ಅಂತ ಮೂರು ಪ್ರಶ್ನೆ ಕೇಳ್ರಿ. ಫ್ಲೀಟ್ ಹತ್ತಿರ ಕಾಗದ, ಮಸಿ ಅಷ್ಟೇ ಇತ್ತು. ನಿಮ್ಮ ಕಿಸೆಯಲ್ಲಿ ಅದಕ್ಕಿಂತ ಜಾಸ್ತಿ ಐತಿ.

ಮುಂದಿನ ಕಂತಿನಲ್ಲಿ ಸಿಗೋಣ. ಬರ್ತೇನ್ರಿ.